ಪೂರ್ವಾಶ್ರಯವೂ ಪೋಲೀಸ ದಫ್ತರವೂ

ಗುರುಕಾರುಣ್ಯವೆಂಬುದು ವೀರಶೈವನ ಎರಡನೆಯ ಹುಟ್ಟು. ಹಸ್ತಮಸ್ತಕ ಸಂಯೋಗವಾಗಿ, ಲಿಂಗವು ಅಂಗದ ಮೇಲೆ ನೆಲೆಗೊಂಡ ಕ್ಷಣದಿಂದ ಶಿಷ್ಯನ ಹಿಂದಿನ ಬಾಳು ಹಿಂದಕ್ಕೇ ಉಳಿಯುತ್ತದೆ. ಇದನ್ನು ನಮ್ಮ ಹಿರಿಯರು ಪೂರ್ವಾಶ್ರಯ ನಿರಸನವೆಂದು ಕರೆದರು. ಭಕ್ತನಾದವನ ಹಿಂದಿನ ಜಾತಿಯನ್ನು ಕೇಳುವುದು, ಹಿಂದಿನ ನಡೆಯನ್ನು ಎತ್ತಿ ಆಡುವುದು, ‘ನೀನು ಮೊದಲು ಏನಾಗಿದ್ದೆಯೆಂಬುದು ನನಗೆ ಗೊತ್ತಿದೆ’ ಎಂದು ಕಣ್ಣಿನಿಂದಲೇ ಸೂಚಿಸುವುದು, ಇವೆಲ್ಲ ಕೇಳಿಸಿಕೊಂಡವನಿಗಲ್ಲ, ಕೇಳಿದವನಿಗೇ ದೋಷವನ್ನು ತರುವುವೆಂಬುದು ಶರಣರ ನಿರ್ಣಯ. ಈ ತತ್ತ್ವವನ್ನು ನಾವು ಪ್ರವಚನಗಳಲ್ಲಿ ಕೇಳುತ್ತೇವೆ, ತಲೆದೂಗುತ್ತೇವೆ, ಮನೆಗೆ ಹೋಗುತ್ತೇವೆ. ಅದೇ ತತ್ತ್ವವು ಮಾಸಿದ ಅಂಗಿ ತೊಟ್ಟು ನಮ್ಮ ಬಾಗಿಲಿಗೆ ಬಂದು ನಿಂತಾಗ ಮಾತ್ರ ಅದರ ಗುರುತು ಹಿಡಿಯುವುದಿಲ್ಲ. ಇದಕ್ಕೆ ಬೇರೆ ಸಾಕ್ಷಿ ಬೇಡ. ಈ ಲೇಖಕನೇ ಸಾಕ್ಷಿಯಾಗಿದ್ದಾನೆ.

ಕೆಲವು ವರ್ಷಗಳ ಹಿಂದಿನ ಮಾತು. ಬೀಳಗಿ ತಾಲೂಕಿನಲ್ಲಿ ಘಟಪ್ರಭೆಯ ದಂಡೆಯ ಮೇಲಿರುವ ಅನಗವಾಡಿಯಿಂದ ಒಬ್ಬ ತರುಣನು ನನ್ನಲ್ಲಿಗೆ ಬಂದಿದ್ದನು. ಮಠದ ಶಾಲೆಯಲ್ಲಿ ನನ್ನ ಮುಂದೆ ಕುಳಿತು ಅಮರಕೋಶವನ್ನು ಬಾಯಿಪಾಠ ಮಾಡಿದವನು. ಬುದ್ಧಿಯಲ್ಲಿ ಮಧ್ಯಮ, ಸ್ವಭಾವದಲ್ಲಿ ಸೌಮ್ಯ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ದೀಪಾವಳಿಯ ಮರುದಿನ, ಬಯಲಿನಲ್ಲಿ ಇಸ್ಪೀಟು ಆಡುತ್ತಿದ್ದ ಐದಾರು ಜನರ ಸಂಗಡ ಪೋಲೀಸರ ಕೈಗೆ ಸಿಕ್ಕಿದನು. ಕೋರ್ಟಿನಿಂದ ಕರೆ ಬಂದಿತು. ವಕೀಲರನ್ನು ಹಿಡಿಯಲು ಹಣವಿರಲಿಲ್ಲ. ಕೋರ್ಟಿನ ಪಡಸಾಲೆಯಲ್ಲಿ ಯಾರೋ ಒಬ್ಬರು, ‘ತಪ್ಪು ಒಪ್ಪಿಕೊಂಡುಬಿಡು, ದಂಡ ಕಟ್ಟಿದರೆ ಇಂದೇ ಮುಗಿಯುತ್ತದೆ, ಇಲ್ಲವಾದರೆ ತಾರೀಖಿನ ಮೇಲೆ ತಾರೀಖು ಬಿದ್ದು ಕೂಲಿ ಕೆಡುತ್ತದೆ’ ಎಂದು ಬುದ್ಧಿ ಹೇಳಿದರು. ಹುಡುಗನು ಒಪ್ಪಿಕೊಂಡನು. ತಾಯಿಯು ಒಂದು ಆಡನ್ನು ಮಾರಿ ದಂಡ ಕಟ್ಟಿದಳು. ಮುಗಿಯಿತೆಂದು ಇಬ್ಬರೂ ಮನೆಗೆ ಬಂದರು.

ಮುಗಿದಿರಲಿಲ್ಲ. ಎರಡು ವರ್ಷಗಳ ತರುವಾಯ ಆತನು ಕಾವಲುಗಾರನ ಕೆಲಸಕ್ಕೆ ಅರ್ಜಿ ಹಾಕಲು ಹೊರಟಾಗ, ‘ಯಾವುದಾದರೂ ಖಟ್ಲೆಯಲ್ಲಿ ನಿಮಗೆ ಶಿಕ್ಷೆಯಾಗಿದೆಯೇ?’ ಎಂಬ ಪ್ರಶ್ನೆ ಆ ಕಾಗದದಲ್ಲಿ ಕಾದು ಕುಳಿತಿತ್ತು. ಜೊತೆಗೆ, ಕಲಿಸಿದ ಗುರುಗಳಿಂದ ಸನ್ನಡತೆಯ ಪತ್ರ ಬೇಕಾಗಿತ್ತು. ಆ ಪತ್ರಕ್ಕಾಗಿಯೇ ಆತನು ಬಂದಿದ್ದನು. ನಾನು ಕೊಡಲಿಲ್ಲ. ‘ಜೂಜಿನ ಖಟ್ಲೆಯಲ್ಲಿ ಶಿಕ್ಷೆಯಾದವನಿಗೆ ಸನ್ನಡತೆಯ ಪತ್ರ ಬರೆದರೆ ನನ್ನ ಲೇಖನಿಗೆ ಅಸತ್ಯದ ದೋಷ ತಗಲುತ್ತದೆ’ ಎಂದು ಹೇಳಿ ಕಳುಹಿಸಿದೆನು. ಹಾಗೆ ಹೇಳಿದಾಗ ನನಗೆ ಒಳಗೊಳಗೇ ಅಭಿಮಾನವೂ ಆಗಿತ್ತು. ಆತನು ಎದುರಾಡಲಿಲ್ಲ, ನಮಸ್ಕರಿಸಿ ಹೋದನು. ಮುಂದೆ ಗೋವೆಯಲ್ಲಿ ಕಟ್ಟಡದ ಕೂಲಿಗೆ ಸೇರಿದನೆಂದು ತಿಳಿಯಿತು.

ಕೆಲವು ತಿಂಗಳ ಮೇಲೆ ಜಾತ್ರೆಯಲ್ಲಿ ಆತನ ತಾಯಿ ಎದುರಾದಳು. ಸಿಟ್ಟಿನಿಂದಲ್ಲ, ತಿಳಿಯದೆ ಕೇಳುವವರ ಹಾಗೆ ಕೇಳಿದಳು: ‘ಮಾಸ್ತರ್ರೀ, ದಂಡಾ ಕಟ್ಟಿದ ಮ್ಯಾಲೂ ತಪ್ಪು ಉಳಿತೈತೇನ್ರಿ?’

ಮೂವತ್ತು ವರ್ಷ ವ್ಯಾಕರಣ ಹೇಳಿದ ನನಗೆ ಆ ಒಂದು ವಾಕ್ಯಕ್ಕೆ ಉತ್ತರ ಹೊಳೆಯಲಿಲ್ಲ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ವಾಚಕರ ಎದುರಿನಲ್ಲಿ ಹುಡುಕುತ್ತಿದ್ದೇನೆ.

ಮೊದಲು ಸ್ಮೃತಿಯ ಮಾತನ್ನು ನೋಡೋಣ. ಮನುಸ್ಮೃತಿಯ ವರ್ಣಭೇದವು ನಮಗೆ ಸಮ್ಮತವಲ್ಲ. ಒಂದೇ ಅಪರಾಧಕ್ಕೆ ಕುಲಕ್ಕೊಂದು ದಂಡವನ್ನು ವಿಧಿಸುವ ಆ ಕ್ರಮವು ಶರಣಧರ್ಮಕ್ಕೆ ಹೊರಗಾದುದು. ಆದರೆ ಅಂಥ ಕಠಿನವಾದ ಗ್ರಂಥವೂ ಈ ವಿಷಯದಲ್ಲಿ ಮೃದುವಾಗಿದೆ. ರಾಜನಿಂದ ದಂಡಿತರಾದವರು ನಿರ್ಮಲರಾಗಿ ಪುಣ್ಯವಂತರ ಹಾಗೆಯೇ ಸದ್ಗತಿಯನ್ನು ಹೊಂದುವರೆಂಬ ಅಭಿಪ್ರಾಯವು ಅದರ ಎಂಟನೆಯ ಅಧ್ಯಾಯದಲ್ಲಿದೆ. ಪ್ರಾಯಶ್ಚಿತ್ತದಿಂದ ಶುದ್ಧರಾದವರನ್ನು ಎಂದಿಗೂ ಹೇಸಬಾರದೆಂಬ ವಿಧಿಯು ಹನ್ನೊಂದನೆಯ ಅಧ್ಯಾಯದಲ್ಲಿದೆ. ದಂಡವೆಂಬುದು ತೊಳೆಯುವ ನೀರು. ತೊಳೆದು ಒಣಗಿಸಿದ ಬಟ್ಟೆಯನ್ನು ಇನ್ನೂ ಕೊಳೆಯೆನ್ನುವವನು ಬಟ್ಟೆಯನ್ನು ಹಳಿಯುತ್ತಿಲ್ಲ, ನೀರನ್ನೇ ಹಳಿಯುತ್ತಿದ್ದಾನೆ.

ಶರಣರು ಇದಕ್ಕಿಂತ ಮುಂದೆ ಹೋದರು. ಉರಿಲಿಂಗಪೆದ್ದಿಗಳ ಕಥೆಯನ್ನು ನಮ್ಮಲ್ಲಿ ಅರಿಯದವರು ಕಡಿಮೆ. ಪರಂಪರೆಯು ಹೇಳುವಂತೆ ಪೆದ್ದಣ್ಣನು ಕಳವಿನಿಂದ ಬಾಳುತ್ತಿದ್ದವನು. ಕನ್ನವಿಕ್ಕಲು ಹೋದ ಮನೆಯಲ್ಲಿ ಉರಿಲಿಂಗದೇವರು ಲಿಂಗದೀಕ್ಷೆ ಮಾಡುತ್ತಿದ್ದುದನ್ನು ಮರೆಯಲ್ಲಿ ನಿಂತು ಕಂಡು, ಕದಿಯಲು ಬಂದುದನ್ನೇ ಮರೆತನು. ಗುರುವಿನ ಮನೆಗೆ ಸೌದೆ ಹೊತ್ತು ಸೇವೆ ಮಾಡಿದನು, ದೀಕ್ಷೆ ಪಡೆದನು; ಕಡೆಗೆ ಆ ಗುರುವಿನ ಮಠಕ್ಕೇ ಅಧಿಕಾರಿಯಾದನು. ಆತನ ವಚನಗಳಲ್ಲಿ ವೇದಾಗಮಗಳ ಉಲ್ಲೇಖಗಳು ದಟ್ಟವಾಗಿರುವುದನ್ನು ಓದಿದವರು ಬಲ್ಲರು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಗುರುವು ಕಳ್ಳನನ್ನು ಕ್ಷಮಿಸಿ ಬಾಗಿಲ ಹೊರಗೆ ಕೂಡ್ರಿಸಲಿಲ್ಲ. ಮಠದ ಬೀಗದ ಕೈಯನ್ನೇ ಕೊಟ್ಟನು. ಕ್ಷಮೆಯೆಂಬುದು ಬಾಯಿಯ ಮಾತಾದರೆ ನಂಬಿಕೆಯೆಂಬುದು ಕೈಯ ಕೆಲಸ. ಪೆದ್ದಣ್ಣನು ಇಂದು ನನ್ನ ಬಳಿಗೆ ಸನ್ನಡತೆಯ ಪತ್ರಕ್ಕಾಗಿ ಬಂದಿದ್ದರೆ, ನಾನು ಅವನನ್ನೂ ಗೋವೆಗೆ ಕಳುಹಿಸುತ್ತಿದ್ದೆನು.

ಇಲ್ಲಿ ಒಂದು ಶಂಕೆ ಏಳುವುದು ಸಹಜ. ಪೂರ್ವಾಶ್ರಯವೆಂದರೆ ಜಾತಿ, ಜಾತಿಯು ಹುಟ್ಟಿನಿಂದ ಬಂದುದು, ಅದರಲ್ಲಿ ಮನುಷ್ಯನ ತಪ್ಪಿಲ್ಲ, ಅಪರಾಧವಾದರೋ ತಾನೇ ಮಾಡಿದ ಕರ್ಮ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದು ಕೇಳಬಹುದು. ಸಮಾಧಾನವು ದೀಕ್ಷಾತತ್ತ್ವದಲ್ಲಿಯೇ ಇದೆ. ಆಣವ, ಮಾಯಾ, ಕಾರ್ಮಿಕ ಎಂಬ ಮೂರು ಮಲಗಳನ್ನೂ ಗುರುವು ಕಳೆಯುತ್ತಾನೆಂದು ನಮ್ಮ ಶಾಸ್ತ್ರವು ಸಾರುತ್ತದೆ. ಮೂರನೆಯದಾದ ಕಾರ್ಮಿಕಮಲವು ಹುಟ್ಟಿನದಲ್ಲ, ನಡೆಯದು. ಮಾಡಿದ ಕರ್ಮವೂ ಕಳೆಯತಕ್ಕದ್ದೆಂದು ಒಪ್ಪಿದ ಮೇಲೆ, ನೆರೆಯವನ ಕರ್ಮವನ್ನು ಮಾತ್ರ ನಮ್ಮ ನಾಲಿಗೆಯ ಮೇಲೆ ಶಾಶ್ವತವಾಗಿ ಕಾಪಾಡಿಕೊಂಡು ಬರಲು ನಮಗೆ ಅಧಿಕಾರವೆಲ್ಲಿಯದು?

ಎರಡನೆಯ ಶಂಕೆಯು ಇದಕ್ಕಿಂತ ಗಟ್ಟಿಯಾದುದು. ಹೀಗೆ ಮರೆಯುತ್ತ ಹೋದರೆ ಕಳ್ಳನಿಗೆ ಧೈರ್ಯ ಬಾರದೇ? ಕಳೆದುಕೊಂಡವನ ಗತಿಯೇನು? ಈ ಮಾತನ್ನು ತಳ್ಳಿಹಾಕಲಾಗದು. ಆದುದರಿಂದ ಮರೆವಿಗೆ ಮೂರು ಕಟ್ಟುಗಳು ಬೇಕು. ಅಪರಾಧವು ಚಿಕ್ಕದಾಗಿರಬೇಕು, ಹಾನಿಯನ್ನು ತುಂಬಿಕೊಟ್ಟಿರಬೇಕು ಇಲ್ಲವೆ ವಿಧಿಸಿದ ದಂಡವನ್ನು ಅನುಭವಿಸಿರಬೇಕು, ಆಮೇಲಿನ ನಡೆ ನೇರವಾಗಿರಬೇಕು. ಪ್ರಾಯಶ್ಚಿತ್ತವಾದವರನ್ನು ಹೇಸಬಾರದೆಂದ ಸ್ಮೃತಿಯೇ, ಬಾಲಘಾತಕರು, ಸ್ತ್ರೀಘಾತಕರು, ಶರಣುಬಂದವರನ್ನು ಕೊಂದವರು ಶುದ್ಧರಾದರೂ ಅವರ ಸಹವಾಸ ಬೇಡವೆಂದು ಬೇರೆಯಾಗಿ ಹೇಳಿದೆ. ಮಕ್ಕಳ ಮೇಲೆ, ಹೆಣ್ಣುಮಕ್ಕಳ ಮೇಲೆ ಕೈಮಾಡಿದವನನ್ನು ಶಾಲೆಯ ಕಾವಲಿಗೆ ಇಡುವ ಮೊದಲು ಆತನ ಹಿಂದನ್ನು ಕೇಳುವುದು ದೋಷವಲ್ಲ, ಕರ್ತವ್ಯ. ನಾನು ಹೇಳುತ್ತಿರುವುದು ಅಂಥವರ ಮಾತಲ್ಲ. ಇಸ್ಪೀಟಿನ ಎಲೆಗಾಗಿ, ಬದುವಿನ ಜಗಳದಲ್ಲಿ ಎತ್ತಿದ ಒಂದು ಕೈಗಾಗಿ, ಹಸಿವಿನ ದಿನ ಕಿತ್ತ ನಾಲ್ಕು ತೆನೆಗಾಗಿ ಬಾಳಿನುದ್ದಕ್ಕೂ ‘ಖಟ್ಲೆಯವನು’ ಎನ್ನಿಸಿಕೊಳ್ಳುವ ಬಡವರ ಮಾತು.

ದಫ್ತರದ ಬರಹವು ಬ್ರಹ್ಮಲಿಪಿಯಲ್ಲವೆಂಬುದಕ್ಕೆ ನಮ್ಮ ಸೀಮೆಯ ಚರಿತ್ರೆಯೇ ಸಾಕು. ಮುಧೋಳದ ಸಮೀಪದ ಹಲಗಲಿಯ ಬೇಡರು 1857ರಲ್ಲಿ ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಅಂದಿನ ಸರಕಾರದ ಕಾಗದದಲ್ಲಿ ಅವರು ಅಪರಾಧಿಗಳು. ಹಲವರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಇಂದು ಅದೇ ಹೆಸರುಗಳನ್ನು ಲಾವಣಿಯಲ್ಲಿ ಹಾಡುತ್ತೇವೆ. ತರುವಾಯ 1871ರಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯದೆ’ ಬಂದಿತು. ಒಂದು ಗುಂಪಿನಲ್ಲಿ ಹುಟ್ಟಿದ ಮಾತ್ರಕ್ಕೆ ಮನುಷ್ಯನ ಹೆಸರು ಪಟ್ಟಿಗೆ ಸೇರುತ್ತಿತ್ತು, ಹಾಜರಿ ಕೊಡಬೇಕಾಗಿತ್ತು, ಪರವಾನಗಿಯಿಲ್ಲದೆ ಊರು ಬಿಡುವಂತಿರಲಿಲ್ಲ. ಮುಂಬಯಿ ಇಲಾಖೆಯ ನಮ್ಮ ಭಾಗದಲ್ಲಿ ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥವರ ವಸಾಹತುಗಳಿದ್ದವು. ಸ್ವತಂತ್ರ ಭಾರತವು 1952ರ ಆಗಸ್ಟ 31ರಂದು ಆ ಕಾಯದೆಯನ್ನು ತೆಗೆದುಹಾಕಿ, ಅವರನ್ನು ‘ವಿಮುಕ್ತ’ರೆಂದು ಕರೆಯಿತು. ಕಾಯದೆ ಹೋಯಿತು, ಕಣ್ಣು ಹೋಗಲಿಲ್ಲ. ಊರಲ್ಲಿ ಏನಾದರೂ ಕಳುವಾದರೆ ಮೊದಲು ಯಾರ ಗುಡಿಸಲ ಕಡೆಗೆ ನೋಡುತ್ತೇವೆಂಬುದನ್ನು ನಮ್ಮ ಮನಸ್ಸುಗಳೇ ಬಲ್ಲವು. ಸೆರೆಮನೆಯ ನಿಯಮಗಳಲ್ಲಿ ಉಳಿದುಬಂದಿದ್ದ ಜಾತಿಭೇದವನ್ನು ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರದಲ್ಲಿ ಅಸಿಂಧುವೆಂದು ಸಾರಿದಾಗ, ವಿಮುಕ್ತ ಜನರನ್ನು ಹುಟ್ಟಾ ಅಪರಾಧಿಗಳೆಂದು ಎಣಿಸುವ ಪದ್ಧತಿಯನ್ನೂ ಖಂಡಿಸಬೇಕಾಯಿತೆಂದರೆ, ಆ ಕಲೆ ಎಷ್ಟು ಆಳವಾದುದೆಂಬುದನ್ನು ಊಹಿಸಿರಿ.

ಇನ್ನು ಬಡವನಿಗೆ ಕಾಯದೆಯಲ್ಲಿ ಆಸರೆಯೇ ಇಲ್ಲವೇ ಎಂದರೆ, ಇದೆ. ಸಂವಿಧಾನಕ್ಕೆ 1976ರ ತಿದ್ದುಪಡಿಯಿಂದ ಸೇರಿದ 39ಎ ಎಂಬ ಅನುಚ್ಛೇದವು, ಬಡತನದ ಕಾರಣದಿಂದ ಯಾರಿಗೂ ನ್ಯಾಯವು ತಪ್ಪಬಾರದು, ಅದಕ್ಕಾಗಿ ಸರಕಾರವು ಉಚಿತ ಕಾನೂನು ನೆರವನ್ನು ಒದಗಿಸಬೇಕು ಎಂದು ವಿಧಿಸಿದೆ. ಆರೋಪಿಯು ತಾನಾಗಿ ಬೇಡಲಿಲ್ಲವೆಂಬ ನೆವದಿಂದ ಈ ನೆರವನ್ನು ತಪ್ಪಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ನಿರ್ಣಯಿಸಿತು. ಅರಿಯದವನು ಬೇಡುವುದೆಂತು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯದೆಯು 1995ರ ನವೆಂಬರ 9ರಿಂದ ಜಾರಿಗೆ ಬಂದು, ಜಿಲ್ಲೆಗೊಂದು ಪ್ರಾಧಿಕಾರವನ್ನೂ ತಾಲೂಕಿಗೊಂದು ಸಮಿತಿಯನ್ನೂ ಏರ್ಪಡಿಸಿತು. ನಮ್ಮ ಭಾಗದವರು ಬಾಗಲಕೋಟೆಯ ಜಿಲ್ಲಾ ಪ್ರಾಧಿಕಾರವನ್ನಾಗಲಿ, ತಮ್ಮ ತಾಲೂಕಿನ ಕೋರ್ಟಿನಲ್ಲಿಯ ಸಮಿತಿಯನ್ನಾಗಲಿ ಕೇಳಬಹುದು. 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೂ ಆಗಬಹುದು. ಹೆಣ್ಣುಮಕ್ಕಳು, ಬಾಲಕರು, ಪರಿಶಿಷ್ಟ ಜಾತಿ ಹಾಗೂ ಪಂಗಡಗಳವರು, ಅಂಗವಿಕಲರು, ಬಂಧನದಲ್ಲಿರುವವರು, ನೆರೆ ಬರಗಳಿಗೆ ಸಿಕ್ಕಿದವರು, ಇವರೆಲ್ಲರಿಗೂ ಆದಾಯದ ಪ್ರಶ್ನೆಯಿಲ್ಲದೆ ಈ ನೆರವು ಸಲ್ಲುತ್ತದೆ. ಉಳಿದವರಿಗೆ ಸರಕಾರವು ಗೊತ್ತುಪಡಿಸಿದ ಆದಾಯದ ಮಿತಿಯುಂಟು. 2019ರ ಆಗಸ್ಟದಲ್ಲಿ ಘಟಪ್ರಭೆಯು ಉಕ್ಕಿ ಬಂದುದನ್ನು ಕಂಡ ನಮಗೆ, ಕಾಯದೆಯು ನೆರೆಯವರನ್ನು ಏಕೆ ನೆನೆಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನೆರವಿದ್ದಿದ್ದರೆ ಅನಗವಾಡಿಯ ಹುಡುಗನಿಗೆ ಏನು ಆಗುತ್ತಿತ್ತು? ತಪ್ಪು ಒಪ್ಪಿಕೊಂಡು ದಂಡ ಕಟ್ಟುವುದೆಂದರೆ ಖಟ್ಲೆಯು ಮುಗಿಯುವುದು ಮಾತ್ರವಲ್ಲ, ಅಪರಾಧಿಯೆಂಬ ತೀರ್ಪು ಬರೆಯಲ್ಪಡುವುದೂ ಹೌದು ಎಂಬುದನ್ನು ಒಬ್ಬ ವಕೀಲನು ಆತನಿಗೆ ಮೊದಲೇ ತಿಳಿಸುತ್ತಿದ್ದನು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯದೆಯನ್ನು ಮುಂದಿಟ್ಟು ಕೇಳಿಕೊಳ್ಳುತ್ತಿದ್ದನು. ಮೊದಲ ಬಾರಿ ಚಿಕ್ಕ ತಪ್ಪು ಮಾಡಿದವನನ್ನು ಬುದ್ಧಿವಾದ ಹೇಳಿಯಾಗಲಿ, ಸನ್ನಡತೆಯ ಮುಚ್ಚಳಿಕೆ ಬರೆಯಿಸಿಕೊಂಡಾಗಲಿ ಬಿಟ್ಟುಬಿಡುವ ಅಧಿಕಾರವನ್ನು ಅದು ನ್ಯಾಯಾಧೀಶರಿಗೆ ಕೊಟ್ಟಿದೆ. ಅದರ ಹನ್ನೆರಡನೆಯ ಕಲಮಿನಂತೆ, ಹಾಗೆ ಬಿಡುಗಡೆಯಾದವನಿಗೆ ಶಿಕ್ಷೆಯ ತೀರ್ಪಿನಿಂದ ಒದಗುವ ಅನರ್ಹತೆಯು ತಗಲುವುದಿಲ್ಲ. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಆದರೆ ಕೇಳುವವರೇ ಇಲ್ಲದಲ್ಲಿ ವಿವೇಚನೆಯು ಏಳುವುದೆಲ್ಲಿಂದ? ನೆರೆಹೊರೆಯವರ ಚಿಕ್ಕ ಜಗಳಗಳಲ್ಲಿ ಕಾಯದೆಯು ಒಪ್ಪುವ ರಾಜಿಯಾದರೆ, ಅದು ಖುಲಾಸೆಗೆ ಸಮಾನವಾದುದು. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ 2015ರ ಬಾಲನ್ಯಾಯ ಕಾಯದೆಯು, ಘೋರ ಅಪರಾಧದ ಕೆಲವು ಸಂದರ್ಭಗಳನ್ನುಳಿದು, ದಾಖಲೆಯನ್ನು ಅವಧಿ ಕಳೆದ ಮೇಲೆ ನಾಶಪಡಿಸಬೇಕೆಂದೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯು, ಮೊದಲ ಬಾರಿ 5000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು, ಅದನ್ನಾಗಲಿ ಅದರ ಬೆಲೆಯನ್ನಾಗಲಿ ಮರಳಿಸಿದವನಿಗೆ ಸಮುದಾಯಸೇವೆಯನ್ನು ಶಿಕ್ಷೆಯಾಗಿ ವಿಧಿಸಿದೆ. ದುಡಿಮೆಯಿಂದ ತಪ್ಪನ್ನು ತೊಳೆದುಕೊಳ್ಳುವ ಈ ಮಾರ್ಗವು ಕಾಯಕವನ್ನು ಕಲಿತ ನಮಗೆ ಹೊಸದಲ್ಲ.

ಆದರೆ ವಯಸ್ಕನ ಮೇಲೆ ಒಮ್ಮೆ ಬರೆದ ತೀರ್ಪನ್ನು ಇಂತಿಷ್ಟು ವರ್ಷಗಳಾದ ಮೇಲೆ ಅಳಿಸತಕ್ಕದ್ದೆಂಬ ಸಾಮಾನ್ಯ ಕಾಯದೆಯು ನಮ್ಮ ದೇಶದಲ್ಲಿಲ್ಲ. ಇಂಗ್ಲಂಡದಲ್ಲಿ 1974ರ ಕಾಯದೆಯಿಂದ, ನಿಯಮಿತ ಕಾಲ ನೇರವಾಗಿ ನಡೆದವನ ಚಿಕ್ಕ ಶಿಕ್ಷೆಯು ಸವೆದುಹೋಯಿತೆಂದು ಭಾವಿಸಲ್ಪಡುತ್ತದೆ. ಅಮೇರಿಕದ ಪೆನ್ಸಿಲ್ವೇನಿಯಾ ರಾಜ್ಯವು 2018ರಲ್ಲಿ, ಚಿಕ್ಕ ಅಪರಾಧಗಳ ಹಳೆಯ ದಾಖಲೆಗಳು ಅರ್ಜಿಯಿಲ್ಲದೆಯೇ ಮುಚ್ಚಿಹೋಗುವಂತೆ ವಿಧಿಸಿತು. ನಮ್ಮಲ್ಲಿ ಸದ್ಯಕ್ಕೆ ನ್ಯಾಯಾಲಯದ ವಿವೇಕವೇ ಆಧಾರ. ದಿಲ್ಲಿಯ ಪೋಲೀಸ ಕೆಲಸಕ್ಕೆ ಅರ್ಜಿ ಹಾಕಿದ ಒಬ್ಬ ತರುಣನು, ರಾಜಿಯಲ್ಲಿ ಮುಗಿದ ಹಳೆಯ ಹೊಡೆದಾಟದ ಖಟ್ಲೆಯನ್ನು ತಿಳಿಸಿರಲಿಲ್ಲವೆಂದು ಕೆಲಸ ತಪ್ಪಿದಾಗ, ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಆತನ ಪರವಾಗಿ ನಿಂತಿತು. ಎಳೆಯ ವಯಸ್ಸಿನ ಚಿಕ್ಕ ತಪ್ಪುಗಳನ್ನು ಕ್ಷಮಿಸಬೇಕು, ಬಾಳಿನುದ್ದಕ್ಕೂ ಅಪರಾಧಿಯೆಂಬ ಮುದ್ರೆಯೊತ್ತಬಾರದು ಎಂಬ ಅಭಿಪ್ರಾಯವನ್ನು ತಿಳಿಸಿ, ಒಂದು ರೊಟ್ಟಿ ಕದ್ದುದಕ್ಕೆ ಬದುಕಿಡೀ ಬೇಟೆಗೊಳಗಾದ ಜಾನ್ ವಾಲ್‌ಜಾನನನ್ನು, ವಿಕ್ಟರ್ ಹ್ಯೂಗೋನ ಆ ಕಥಾಪುರುಷನನ್ನು, ನೆನೆಯಿತು. 2016ರಲ್ಲಿ ಅದೇ ನ್ಯಾಯಾಲಯವು, ಅಪರಾಧವು ಎಷ್ಟು ದೊಡ್ಡದು ಎಷ್ಟು ಚಿಕ್ಕದೆಂಬುದನ್ನು ಕೆಲಸ ಕೊಡುವವರು ತೂಗಿ ನೋಡಬೇಕೆಂದು ನಿಯಮಗಳನ್ನು ಹಾಕಿಕೊಟ್ಟಿತು. ಆದರೆ ಕೇಳಿದಾಗ ಸತ್ಯವನ್ನೇ ಹೇಳಬೇಕೆಂಬುದನ್ನೂ ಅದರೊಡನೆ ವಿಧಿಸಿತೆಂಬುದನ್ನು ನಮ್ಮ ತರುಣರು ಮರೆಯಬಾರದು. ಮುಚ್ಚಿಟ್ಟ ಚಿಕ್ಕ ತಪ್ಪು, ಹೇಳಿದ ಚಿಕ್ಕ ತಪ್ಪಿಗಿಂತ ಹೆಚ್ಚು ಕಾಡುತ್ತದೆ.

ಸತ್ಯವೆಂದೆನಷ್ಟೆ. ನನ್ನ ದೋಷವು ನಿಜವಾಗಿ ಅಡಗಿದ್ದುದು ಇಲ್ಲಿಯೇ. ಸುಳ್ಳು ಬರೆಯಲಾರೆನೆಂದು ಹೇಳಿ ನಾನು ಏನನ್ನೂ ಬರೆಯಲಿಲ್ಲ. ‘ಈತನನ್ನು ಎಂಟು ವರ್ಷ ಬಲ್ಲೆನು. ಒಮ್ಮೆ ತಪ್ಪಿದನು, ದಂಡ ಕಟ್ಟಿದನು. ಮುಂದೆ ಆ ದಾರಿ ತುಳಿದುದನ್ನು ಕಾಣೆನು. ತಾಯಿಯನ್ನು ಸಾಕುತ್ತಿದ್ದಾನೆ’ ಎಂದು ನಾಲ್ಕು ಸಾಲು ಬರೆದಿದ್ದರೆ ಅದರಲ್ಲಿ ಅಸತ್ಯವೇನಿತ್ತು? ಪೋಲೀಸ ದಫ್ತರದಲ್ಲಿ ಒಂದು ದಿನದ ಸತ್ಯವಿತ್ತು. ನನ್ನ ಬಳಿಯಲ್ಲಿ ಎಂಟು ವರ್ಷಗಳ ಸತ್ಯವಿತ್ತು. ಒಂದು ದಿನದ ಸತ್ಯವನ್ನು ಪೂಜಿಸಿ ಎಂಟು ವರ್ಷಗಳದ್ದನ್ನು ಹೂಳಿದೆನು. ಇದಕ್ಕೆ ಸತ್ಯನಿಷ್ಠೆಯೆಂದು ಹೆಸರಿಟ್ಟುಕೊಂಡೆನು.

ನ್ಯಾಯದ ಮನೆಗೂ ವಚನದ ಮನೆಗೂ ನಮ್ಮ ನಾಡಿನಲ್ಲಿ ಹಳೆಯ ನಂಟು. ತಾಳೆಗರಿಗಳಲ್ಲಿ ಮರೆಯಾಗಿದ್ದ ವಚನಗಳನ್ನು ಹುಡುಕಿ ತಂದ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದವರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ, ವಕೀಲಿಯ ಗಳಿಕೆಯನ್ನು ಅದಕ್ಕೇ ಸುರಿದರು. ಕರಿಯ ಅಂಗಿಯ ವೃತ್ತಿಯೂ ದಾಸೋಹವಾಗಬಲ್ಲುದೆಂಬುದಕ್ಕೆ ಅವರಿಗಿಂತ ಬೇರೆ ನಿದರ್ಶನ ಬೇಕಾಗಿಲ್ಲ. ನಮ್ಮ ಸಮಾಜದಲ್ಲಿ ಇಂದು ವಕೀಲರಿಗೆ ಕೊರತೆಯಿಲ್ಲ. ಹಿನ್ನೀರಿನ ಪರಿಹಾರದ ಖಟ್ಲೆಗಳಿಂದ ಬಾಗಲಕೋಟೆ, ಬೀಳಗಿಗಳ ರೈತರಿಗೆ ಅವರ ಕಚೇರಿಯ ಮೆಟ್ಟಿಲೂ ಹೊಸದಲ್ಲ. ಪರಿಹಾರದ ಹಣವಿರುವ ಖಟ್ಲೆಗೆ ವಕೀಲರು ಸಿಗುತ್ತಾರೆ. ಇಸ್ಪೀಟಿನ ಹುಡುಗನ ಖಟ್ಲೆಗೆ ಸಿಗುವುದಿಲ್ಲ. ತಿಂಗಳಿಗೊಂದು ಅಮಾವಾಸ್ಯೆಯಂದು ಮಠದ ಪಡಸಾಲೆಯಲ್ಲಿ ಇಬ್ಬರು ವಕೀಲರು ಎರಡು ತಾಸು ಕುಳಿತು, ಬಂದವರ ಕಾಗದಗಳನ್ನು ಓದಿ ಹೇಳಿದರೆ, ತಾಲೂಕಿನ ಸಮಿತಿಗೆ ಅರ್ಜಿ ಬರೆದುಕೊಟ್ಟರೆ, ಅದು ಅನ್ನದಾಸೋಹಕ್ಕಿಂತ ಕಡಿಮೆಯ ಸೇವೆಯಲ್ಲ. ಪಂಚಾಚಾರಗಳಲ್ಲಿ ಗಣಾಚಾರವೆಂಬುದುಂಟು, ಅದನ್ನು ಶಿವನಿಂದೆಯನ್ನು ಸಹಿಸದಿರುವ ಆವೇಶವೆಂದಷ್ಟೇ ತಿಳಿಯುತ್ತೇವೆ. ಬಡಜಂಗಮನೊಬ್ಬನು ಕೋರ್ಟಿನಲ್ಲಿ ಒಂಟಿಯಾಗಿ ನಿಂತುದನ್ನು ಸಹಿಸದಿರುವುದೂ ಗಣಾಚಾರವೇ. ಆತನ ಪಕ್ಕದಲ್ಲಿ ಹೋಗಿ ಕೈಕಟ್ಟಿ ನಿಲ್ಲುವುದು ಭೃತ್ಯಾಚಾರ.

ವಕೀಲರಲ್ಲದ ನಾವು ಮಾಡತಕ್ಕುದೂ ಇದೆ. ಕಾಯದೆಯು ಬಹಳವಾದರೆ ಕಾಗದವನ್ನು ಅಳಿಸಬಲ್ಲುದು. ಊರಿನಲ್ಲಿ ಬೇರೊಂದು ದಫ್ತರವಿದೆ. ಅದಕ್ಕೆ ಕಪಾಟವಿಲ್ಲ, ಬೀಗವಿಲ್ಲ. ಹೆಣ್ಣು ಕೇಳಲು ಬಂದಾಗ, ಹೊಲ ಪಾಲಿಗೆ ಕೊಡುವಾಗ, ಅಂಗಡಿಯಲ್ಲಿ ಆಳನ್ನು ಇಟ್ಟುಕೊಳ್ಳುವಾಗ ಅದು ಕಟ್ಟೆಯ ಮೇಲೆ ತಾನಾಗಿಯೇ ತೆರೆದುಕೊಳ್ಳುತ್ತದೆ. ‘ಆ ಹುಡುಗ ಹ್ಯಾಂಗ?’ ಎಂದು ಯಾರಾದರೂ ಕೇಳಿದರೆ, ಉತ್ತರ ಕೊಡುವ ಮೊದಲು ಕೊರಳಿನ ಲಿಂಗವನ್ನು ಒಮ್ಮೆ ಮುಟ್ಟಿನೋಡೋಣ. ಅದು ನಮ್ಮ ಪೂರ್ವಾಶ್ರಯವನ್ನು ಕೇಳಿ ನಮ್ಮ ಅಂಗದ ಮೇಲೆ ಬಂದುದಲ್ಲ.

ಕಳೆದ ತಿಂಗಳು ನಾನು ಆ ನಾಲ್ಕು ಸಾಲುಗಳನ್ನು ಬರೆದು, ಸಹಿ ಮಾಡಿ, ಅನಗವಾಡಿಗೆ ಹೋಗಿ ತಾಯಿಯ ಕೈಯಲ್ಲಿ ಕೊಟ್ಟು ಬಂದೆನು. ‘ಇಲ್ಲವ್ವಾ, ದಂಡ ಕಟ್ಟಿದ ಮ್ಯಾಲೆ ತಪ್ಪು ಉಳಿಯೂದಿಲ್ಲ. ಉಳಿಸಿದಾಂವ ನಾನು’ ಎಂದು ಹೇಳಿದೆನು. ಆಕೆ ಕಾಗದವನ್ನು ಮಡಚಿ ದೇವರ ಜಗುಲಿಯ ಮೇಲಿಟ್ಟಳು. ಕಾವಲುಗಾರನ ಕೆಲಸದ ವಯಸ್ಸು ಆತನಿಗೆ ಮೀರಿದೆ. ಆ ಪತ್ರದಿಂದ ಪ್ರಯೋಜನವಾದೀತೋ ಇಲ್ಲವೋ ತಿಳಿಯದು. ಇನ್ನೊಬ್ಬ ಹುಡುಗನು ವಾಚಕರಲ್ಲಿ ಯಾರದೋ ಬಾಗಿಲಿಗೆ ಇಂಥದೇ ಪತ್ರಕ್ಕಾಗಿ ನಾಳೆ ಬಂದಾನು. ಆತನಿಗೆ ತಡವಾಗದಿರಲಿ.